ಸಾಂಬಾರ್ ಗಂಟು

ಏನವ್ವ, ಬೇಲಿ ಮೇಲೆ ಬಟ್ಟೆ ಹರವ್ತಾ ಇದ್ದೀಯಾ? ಒಂದ್ಗಳಿಗೆ ನಿಂತ್ಕೊ, ಮಾತದೆ. ಬೆಳಗ್ಗೆ ನಮ್ಮ ಯಜಮಾನರು ಹೋಟ್ಲಿಂದ ಇಡ್ಲಿ ಕಟ್ಟಿಸ್ಕೊಂಡು ಬಂದ್ರು. ಇಡ್ಲಿಗೊಂದು ಕವರು, ಚಟ್ನಿಗೊಂದು, ಸಾಂಬಾರ್‌ಗೊಂದು, ಮೂರನ್ನೂ ತುಂಬೋಕೆ ಇನ್ನೊಂದು. ಆ ಸಾಂಬಾರ್ ಗಂಟು ಬಿಚ್ಚಿ ಗೆದ್ದೋರು ಯಾರಾದ್ರೂ ಇದ್ದಾರಾ? ಉಗುರು ಹಾಕಿ, ಹಲ್ಲು ಹಾಕಿ, ಕೊನೆಗೆ ಕತ್ತರಿ ಹಾಕಿದ್ರೆ ಅರ್ಧ ತಟ್ಟೆಗೆ, ಅರ್ಧ ಪಂಚೆಗೆ! ಟಿಫಿನ್ ಕ್ಯಾರಿಯರ್ ಗೂಡಲ್ಲೇ ಕೂತದೆ. ತಗೊಂಡು ಹೋಗಿ ಅಂದ್ರೆ ನಾಚಿಕೆಯಂತೆ. ಕವರು ನೇತಾಡಿಸ್ಕೊಂಡು ಬರೋಕೆ ಇಲ್ಲದ ನಾಚಿಕೆ ಕ್ಯಾರಿಯರ್‌ಗೆ ಯಾಕೋ ಕಾಣೆ.

ಮಿಕ್ಕಿದ್ದನ್ನ ಅದೇ ಕವರಿಗೆ ತುಂಬಿ, ಗಂಟು ಬಿಗಿದು ಬೀದಿಗೆ ಎಸೀತೀವಿ. ನಮಗೇ ಬಿಚ್ಚೋಕಾಗದ ಗಂಟು ಹಸು ಬಿಚ್ತದಾ? ಕವರು ಸಮೇತ ನುಂಗ್ತದೆ.

ಕಾನೂನೇನು ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕವರಿಗೆ ನಿಷೇಧ ಆಯ್ತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಬಂದ್. ಆ ವರ್ಷದ ಕೊನೆಗೆ ಕೈಚೀಲ 120 ಮೈಕ್ರಾನ್‌ಗಿಂತ ತೆಳ್ಳಗಿರಬಾರದು ಅಂತಲೂ ಆಯ್ತು. ಸಂತೇಲಿ ಸಿಗೋ ಕವರು ತಲೆಗೂದಲಿಗಿಂತ ತೆಳು. ಹಂಗಂತ ಸೊಪ್ಪಿನವಳನ್ನ ಬೈಬೇಡ. ಕೈಬೀಸ್ಕೊಂಡು ಸಂತೆಗೆ ಹೋಗೋರು ನಾವು, ಅವಳು ಕವರು ಕೊಡದಿದ್ರೆ ಪಕ್ಕದವಳ ಹತ್ರ ಹೋಗೋರೂ ನಾವೇ.

ನನಗೆ ಹೊಟ್ಟೆ ಉರಿಯೋದು ಶಿವರಾತ್ರೀಲಿ. ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ ಅಂತ ಜನ ಉಘೇ ಮಾದಪ್ಪ ಅನ್ಕೊಂಡು ಮಾದಪ್ಪನ ಬೆಟ್ಟಕ್ಕೆ ನಡೀತಾರೆ. ಬಿಸಿಲಲ್ಲಿ ಬರೋರಿಗೆ ದಾರಿ ಉದ್ದಕ್ಕೂ ಪುಣ್ಯಾತ್ಮರು ಪೆಂಡಾಲ್ ಹಾಕಿ ಮಜ್ಜಿಗೆ, ಪಾನಕ, ಅನ್ನ ಕೊಡ್ತಾರೆ. ಬಲು ದೊಡ್ಡ ಮನಸ್ಸು, ಅದಕ್ಕೆ ಎರಡು ಮಾತಿಲ್ಲ. ಆದ್ರೆ ಕುಡಿದು ಹತ್ತು ಹೆಜ್ಜೆ ಹೋಗೋದ್ರೊಳಗೆ ಲೋಟ ನೆಲಕ್ಕೆ. ತಾಳಬೆಟ್ಟ ದಾಟಿದ್ರೆ ಕಾಡು, 2013ರಿಂದ ವನ್ಯಧಾಮ. ಮಾದಪ್ಪನ ವಾಹನವೇ ಹುಲಿ. ಅದರ ಮನೆ ಅಂಗಳಕ್ಕೆ ನಮ್ಮ ಕಸ! ಪೇಪರ್ ಲೋಟ ಅಲ್ವಾ, ಕರಗ್ತದೆ ಅಂತಾರೆ. ಬರೀ ಪೇಪರ್ ಆಗಿದ್ರೆ ಬಿಸಿ ಕಾಫಿಗೆ ಮೆತ್ತಗಾಗಿ ಸೋರ್ಬೇಕಿತ್ತು. ಸೋರಲ್ಲ, ಯಾಕಂದ್ರೆ ಒಳಗೆ ತೆಳ್ಳನೆ ಪ್ಲಾಸ್ಟಿಕ್ ಬಳಿದಿರ್ತಾರೆ.

ಯಳಂದೂರಿನವರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗೋದೂ ಹುಲಿ ಕಾಡೊಳಗೇ. ಅಲ್ಲಿಗೂ ಇದೇ ಮಾತು.

ಪ್ಲಾಸ್ಟಿಕ್ ಇಲ್ಲದೆ ಉಣ್ಣೋದು ನಮ್ಮೋರಿಗೇನು ಹೊಸ ವಿದ್ಯೆ ಅಲ್ಲ. ಮುತ್ತುಗದ ಎಲೆ ಕಡ್ಡಿ ಚುಚ್ಚಿ ಹಚ್ತಿದ್ರಲ್ಲ, ಉಂಡು ಎಸೆದ್ರೆ ದನ ತಿಂತಿತ್ತು, ಉಳಿದಿದ್ದು ತಿಪ್ಪೆಗೆ. ಚಿಕ್ಕಲ್ಲೂರು ಜಾತ್ರೆಗೆ ಜನ ಈಗಲೂ ಪಾತ್ರೆ ಪಡಗ ಹೊತ್ಕೊಂಡು ಹೋಗಿ, ಬಿಡಾರ ಹೂಡಿ, ಅಲ್ಲೇ ಬೇಯಿಸ್ಕೊಂಡು ಪಂಕ್ತೀಲಿ ಉಣ್ತಾರೆ. ಹಂಡೆ ಹೊರೋಕೆ ಆಗೋರಿಗೆ ಲೋಟ ಭಾರವಾ? ಬೆಂಗ್ಳೂರಲ್ಲಿ ಅದಮ್ಯ ಚೇತನ ಅನ್ನೋ ಸಂಸ್ಥೆಯವರು ತಟ್ಟೆ ಬ್ಯಾಂಕ್ ಅಂತಲೇ ಮಾಡವ್ರೆ, ಮದುವೆ ಮುಂಜಿಗೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಡ್ತಾರೆ. ಆ ದೊಡ್ಡ ಊರಲ್ಲಿ ಆಗೋದು ನಮ್ಮ ಬೀದೀಲಿ ಆಗಲ್ವಾ? ಮನೆಗೆ ಐದು ತಟ್ಟೆ, ಐದು ಲೋಟ ಹಾಕಿ, ಮೇಲೆ ಹೆಸರು ಕೊರೆಸಿ ಗುಡೀಲಿಟ್ರೆ ನಾಮಕರಣದಿಂದ ತಿಥಿವರೆಗೂ ಆಯ್ತದೆ. ತೊಳೆಯೋರು ಯಾರು ಅಂತೀಯಾ? ಅದೇ ಕಣವ್ವ ಅಸಲಿ ವಿಷಯ. ತೊಳೆಯೋ ಕೆಲಸ ಹೆಂಗಸರ ತಲೆಗೇ ಬೀಳೋದಾದ್ರೆ ನಾನೇ ಬೇಡ ಅಂತೀನಿ. ಉಂಡೋರು ಅವರವರ ತಟ್ಟೆ ತೊಳೆದಿಡಲಿ, ಗಂಡಸರ ಕೈಯೇನು ಸವೆಯಲ್ಲ.

ಈ ಶಿವರಾತ್ರಿಗೆ ನಿಮ್ಮ ತಮ್ಮ ಪೆಂಡಾಲ್ ಹಾಕ್ತಾನಲ್ಲ, ಒಂದು ಮಾತು ಹೇಳು: ನೀರಿನ ಡ್ರಮ್ ಇಡಲಿ, ಸ್ಟೀಲ್ ಲೋಟ ಇಡಲಿ, ತೊಳೆಯೋಕೆ ಎರಡು ಬಾನಿ ಇಡಲಿ. ನಡೆಯೋರೂ ಒಂದೊಂದು ಲೋಟ ಚೀಲಕ್ಕೆ ಹಾಕ್ಕೊಂಡು ಬರಲಿ. ಬಾನಿ ನಮ್ಮನೇಲಿ ಅವೆ, ಬಂದು ತಗೊಂಡು ಹೋಗೋಕೆ ಹೇಳು.