ಗೂಡಿನ ಸಂದಿ ನೋಡೀದೇನು ತಂಗಿ?

ತಂಗಿ, ಕೋಲು ತಗೊಂಡು ಆ ಕರಿ ಹ್ಯಾಟಿ ಬೆನ್ನ ಹತ್ತಬ್ಯಾಡ. ಹೊತ್ತು ಮುಣಗಿದ ಮ್ಯಾಲ ಕೋಳಿ ತಾನಾಗೇ ಗೂಡು ಸೇರಬೇಕು. ಸೇರಲಾರ್ದೆ ಗ್ವಾಡಿ ಮ್ಯಾಲ, ಬೇವಿನ ಗಿಡದ ಮ್ಯಾಲ ಕೂತದ ಅಂದ್ರ ಅದು ಹಟ ಅಲ್ಲ, ಒಳಗ ಏನೋ ಕಡೀತದ. ಜುಟ್ಟ ನೋಡು, ಬಿಳಚಿಗೊಂಡದ. ತತ್ತಿ ಕಮ್ಮಿ ಆಗ್ಯಾವಂತ ಮೊನ್ನೆ ನೀನೇ ಅಂದಿ.

“ಹಗಲೊತ್ತು ರೆಕ್ಕಿ ಎತ್ತಿ ನೋಡೀನಕ್ಕ, ಒಂದು ಹೇನೂ ಇಲ್ಲ” ಅಂತಿ. ನುಸಿ ಇದ್ರ ಹಗಲಿಗೆ ಕಾಣಂಗಿಲ್ಲ ಅವು. ರಾತ್ರಿ ಊಟ ಆದ ಮ್ಯಾಲ ಬ್ಯಾಟರಿ ಹಿಡಕೊಂಡು ಹೋಗು. ಕೋಳಿ ಕೂಡೋ ಕಟಿಗಿ ಅದಲ, ಅದರ ತಳಗ ಬಿಳಿ ಅರಿವಿ ಹಾಕಿ ಒರಸು. ಅರಿವಿ ಮ್ಯಾಲ ರಗತದ ಗೀರು ಬಿತ್ತಂದ್ರ ಅದು ಕೆಂಪು ನುಸಿ. ಸಾಸಿವಿ ಕಾಳಿಗಿಂತ ಸಣ್ಣದು. ಹಸದಾಗ ಬೂದಿ ಬಣ್ಣ, ರಗತ ಕುಡದಾಗ ಕೆಂಪು. ರಾತ್ರಿ ಬಂದು ಕೋಳಿ ಮೈಯಾಗಿನ ರಗತ ಹೀರ್ತದ, ಬೆಳಕು ಹರಿಯೋದ್ರಾಗ ಸಂದಿ ಸೇರ್ತದ. ನಮ್ಮ ಕಡಿ ಕಲ್ಲಿನ ಗ್ವಾಡಿ, ಗೂಡೂ ಅದರ ಬುಡದಾಗೇ ಕಟ್ಟಿರ್ತೀವಿ. ಕಲ್ಲಿಗೂ ಕಲ್ಲಿಗೂ ನಡುವಿನ ಸಂದಿ ಅದಕ್ಕ ಬೇಕಾದಷ್ಟಾತು. ಅಂಥ ಸಂದಿದಾಗೇ ಕೋಳಿ ಉಣ್ಣಿನೂ ಇರ್ತದ. ಅದು ಕಡದ್ರ ಜ್ವರ ಬಂದು, ಹಸರು ಹಿಕ್ಕಿ ಹಾಕಿ, ಕಾಲು ಬಿದ್ದು ಸಾಯ್ತಾವ ಕೋಳಿ.

ಹೇನಿನ ಬದುಕು ಬ್ಯಾರೆ. ಅದು ಕೋಳಿ ಮೈ ಬಿಟ್ಟು ಎಲ್ಲೂ ಹೋಗಂಗಿಲ್ಲ. ಮೈ ಬಿಟ್ರ ಒಂದು ವಾರದೊಳಗ ಸಾಯ್ತದ. ಬಾಲದ ತಳಗ, ಹಿಕ್ಕಿ ಹಾಕೋ ಜಾಗದ ಸುತ್ತ ಪುಕ್ಕ ಸರಸಿ ನೋಡು. ಹುಲ್ಲಿನ ಬಣ್ಣದವು ಸರಸರ ಓಡ್ತಾವ, ಪುಕ್ಕದ ಬುಡಕ್ಕ ಬೆಳ್ಳಗ ಸೀರು ಗಂಟು ಗಂಟಾಗಿ ಅಂಟಿರ್ತಾವ. ಹಂಗಾಗಿ ಹೇನು ಇದ್ರ ಕೋಳಿ ಮೈಗೆ ಔಷಧ, ನುಸಿ ಇದ್ರ ಗೂಡಿಗೆ ಔಷಧ. ಇದನ್ನ ತಿಳೀಲಾರ್ದೆ ಅಂಗಡಿಗೆ ಓಡ್ತಾರ ನೋಡು, ನನಗ ಭಾಳ ಸಂಕಟ ಆಗ್ತದ. ನುಸಿ ಗೂಡಿನಾಗ ಇಟಗೊಂಡು ಕೋಳಿಗೆ ಪುಡಿ ಹಚ್ಚಿದ್ರ ರೊಕ್ಕನೂ ಹೋತು, ಕೋಳಿನೂ ಹೋತು. ಒಂದು ತಿಂಗಳು ಗೂಡು ಖಾಲಿ ಬಿಟ್ರ ಸಾಯ್ತಾವ ಅಂತಾರ, ಅದೂ ಖರೆ ಅಲ್ಲ. ರಗತ ಇಲ್ಲದೇ ತಿಂಗಳಾನುಗಟ್ಲೆ ತಡೀತದ ಆ ನುಸಿ.

ಏನಂದಿ? ಹತ್ತಿಗೆ ತಂದ ಎಣ್ಣಿ ಉಳದದ, ಅದನ್ನೇ ಹೊಡೀಲೇನು ಅಂತೀಯಾ? ಬ್ಯಾಡ ತಂಗಿ, ನಿನ್ನ ಕೈ ಮುಗೀತೀನಿ, ಬ್ಯಾಡ. ಕೋಳಿ ದಿನಾ ಚುಂಚಿಲೆ ಪುಕ್ಕ ತೀಡಕೋತದ, ವಿಷ ಹೊಟ್ಟಿಗೆ ಹೋಗ್ತದ, ತತ್ತಿಗೆ ಇಳೀತದ, ಆ ತತ್ತಿ ನಿನ್ನ ಮೊಮ್ಮಗ ತಿಂತಾನ. 2017ರಾಗ ಹಾಲೆಂಡ್ ದೇಶದಾಗ ಇದೇ ಕೆಂಪು ನುಸಿ ಓಡಸ್ಲಾಕ ಕೋಳಿ ಶೆಡ್ಡಿಗೆ ಫಿಪ್ರೋನಿಲ್ ಬೆರೆತ ಔಷಧ ಹೊಡದ್ರು. ನಮ್ಮ ರೈತರು ಭತ್ತಕ್ಕ, ಮೆಣಸಿನಕಾಯಿಗೆ ಹೊಡಿತಾರಲ್ಲ, ಅದೇ. ತತ್ತಿಯೊಳಗ ಅದು ಸಿಕ್ತು. ಬೆಲ್ಜಿಯಂ, ಜರ್ಮನಿ ತನಕ ಲಕ್ಷಗಟ್ಲೆ ತತ್ತಿ ಅಂಗಡಿಯಿಂದ ಹೊರಗ ತಗಸಿದ್ರು.

ದನದ ದವಾಖಾನಿಗೆ ಹೋಗಿ, ತತ್ತಿ ಇಡೋ ಕೋಳಿ ಅಂತ ಮೊದಲೇ ಹೇಳಿ ಕೇಳು. ಎಷ್ಟು ನೀರಿಗೆ ಎಷ್ಟು ಔಷಧ, ಎಷ್ಟು ದಿನ ತತ್ತಿ ತಿನ್ನಬಾರದು, ಎರಡೂ ಬರಸ್ಕೊಂಡು ಬಾ. ಅದಕ್ಕಿಂತ ಮೊದಲು ಗೂಡಿನ ಹಳೀ ಹುಲ್ಲು, ಗೋಣಿ ಚೀಲ ಹೊರಗ ತಂದು ಸುಡು. ಕುದಿಯೋ ನೀರು ಸಂದಿಗೆ ಸುರಿ, ಒಣಗಿದ ಮ್ಯಾಲ ಮಣ್ಣು ಮೆತ್ತಿ ಸಂದಿ ಮುಚ್ಚು, ಸುಣ್ಣ ಬಳಿ. ಒಂದು ಸಲ ಮಾಡಿ ಕೈ ಬಿಡಬ್ಯಾಡ. ಒಳಗ ಉಳದ ನುಸಿ ತತ್ತಿ ಒಡದು, ಈ ಸಂತಿಯಿಂದ ಮುಂದಿನ ಸಂತಿಯೊಳಗ ಹೊಸಾ ಪೀಳಿಗಿ ತಯಾರಾಗ್ತದ. ವಾರ ಬಿಟ್ಟು ಮತ್ತ ಹೊಡೀಬೇಕು. ಹೇನಿನ ಸೀರಿಗೂ ಇದೇ ಲೆಕ್ಕ.

ಕಾವಿಗೆ ಕೂತ ಹ್ಯಾಟಿದೇ ನನಗ ಹೆಚ್ಚಿನ ಚಿಂತಿ. ಇಪ್ಪತ್ತೊಂದು ದಿನ ಜಾಗ ಬಿಟ್ಟು ಏಳಂಗಿಲ್ಲ ಅದು, ಬೂದ್ಯಾಗ ಹೊರಳಾಡ್ಲಾಕೂ ಸರಿಯಾಗಿ ಪುರಸೊತ್ತು ಇಲ್ಲ. ನುಸಿ ಹೆಚ್ಚಾದ್ರ ತತ್ತಿ ಬಿಟ್ಟು ಎದ್ದು ಹೋಗ್ತದ. ಬುಟ್ಟಿ ತಳಕ್ಕ ಲಕ್ಕಿ ತಪ್ಪಲ, ಬೇವಿನ ತಪ್ಪಲ ಹಾಕೋದು ನಮ್ಮವ್ವನ ಕಾಲದಿಂದ ಬಂದದ್ದು, ನಾನೂ ಹಾಕ್ತೀನಿ. ಆದ್ರ ತಪ್ಪಲ ಒಂದನ್ನೇ ನಂಬಿ ಕೂಡಬ್ಯಾಡ. ಕೂಡಸೋಕಿಂತ ಮೊದಲು ಕೋಳಿ ಮೈ ನೋಡು, ಹೊಸಾ ಹುಲ್ಲು ಹಾಕು.

ಮೊಮ್ಮಗನ ತಲಿ ಹೇನು ಕೋಳಿಯಿಂದ ಬಂತಂತ ಸೊಸಿ ಅಂತಾಳೇನು? ಅಲ್ಲ ಅಂತ ಹೇಳು. ಕೋಳಿ ಹೇನು ಮನಷ್ಯಾರ ತಲ್ಯಾಗ ಬದುಕಂಗಿಲ್ಲ. ನುಸಿ ಮಾತ್ರ ನಮಗೂ ಕಡೀತದ. ಗೂಡು ಬಳದ ಕೈಗೆ ತುರಕಿ ಬಂದ್ರ ಅದೇ.

ನಿಮ್ಮ ಮನಿಗೆ ಇದು ಎಲ್ಲಿಂದ ಬಂತು ಅಂದ್ರ, ದೀಪಾವಳಿಗೆ ಗದ್ವಾಲದಿಂದ ನಿಮ್ಮಣ್ಣ ಚೀಲದಾಗ ತಂದ ಹುಂಜದ ಮ್ಯಾಲೇ ನನ್ನ ಅನುಮಾನ. ಗದ್ವಾಲ 1956ರ ತನಕ ರಾಯಚೂರು ಜಿಲ್ಲಾದಾಗೇ ಇತ್ತು. ಆಮ್ಯಾಲ ಜಿಲ್ಲಾ ಬ್ಯಾರೆ ಆತು, ರಾಜ್ಯ ಬ್ಯಾರೆ ಆತು, ಆದ್ರ ಮಕ್ತಲ, ನಾರಾಯಣಪೇಟ, ರಾಯಚೂರು ಅಂತ ನಮ್ಮ ಬೀಗತನ ಎಲ್ಲೂ ನಿಂತಿಲ್ಲ. ಹೆಣ್ಣು ಕೊಟ್ಟ ಮನಿಗೆ ಕೋಳಿನೂ ಹೋಗ್ತದ, ಅದರ ಜೋಡಿ ಹೇನೂ ಹೋಗ್ತದ. ಬೀಗರ ಮನೀದಾಗ್ಲಿ ಸಂತೀದಾಗ್ಲಿ, ಹೊಸಾ ಕೋಳಿನ ಎರಡು ವಾರ ಬ್ಯಾರೆ ಬುಟ್ಟ್ಯಾಗ ಇಟ್ಟು ನೋಡಬೇಕು. ಹೈದರಾಬಾದಿನ ರಾಜೇಂದ್ರನಗರದಾಗ ಬೆಳಸಿದ ವನರಾಜ, ಗ್ರಾಮಪ್ರಿಯ ಆದ್ರೂ ಅಷ್ಟೇ, ಜವಾರಿ ಆದ್ರೂ ಅಷ್ಟೇ.

ಆ ಹುಂಜದ ಕಾಲೂ ನೋಡು, ಹುರುಪು ಎದ್ದು ದಪ್ಪಾಗ್ಯಾವ. ಅದು ಬ್ಯಾರೆ ಜಾತಿ ನುಸಿ, ಚರ್ಮದೊಳಗೇ ಮನಿ ಮಾಡ್ತದ. ಉಗುರಿಲೆ ಕೀಳಬ್ಯಾಡ, ರಗತ ಬರ್ತದ. ಬೆಚ್ಚನ ಸಬಕಾರ ನೀರಾಗ ತೊಳದು, ಒರಸಿ, ಔಡಲೆಣ್ಣಿ ಹಚ್ಚು. ಹುರುಪು ಉದುರಿ ಕಾಲು ನುಣ್ಣಗ ಆಗೋ ತನಕ ಬಿಡಬ್ಯಾಡ, ವಾರಗಟ್ಲೆ ಹಿಡೀತದ.

ಇನ್ನ ಬೂದಿ ಗುಂಡಿ. ತೊಗರಿ ಕಟಗಿ, ಹತ್ತಿ ಕಟಗಿ ಉರಿಸಿದ ಬೂದಿನ ಜರಡಿ ಹಿಡದು ಬೇಲಿ ಬುಡದಾಗ ನೆರಳಿಗೆ ಹಾಕು, ತಾವಾಗೇ ಬಂದು ಹೊರಳ್ತಾವ. ಪ್ಲಾಸ್ಟಿಕ್ ಸುಟ್ಟ ಬೂದಿ ಹಾಕಬ್ಯಾಡ. ಕಟಗಿ ಬೂದ್ಯಾಗ ಗಂಧಕದ ಪುಡಿ ಬೆರಸಿದ್ರ ಇನ್ನೂ ಚಲೋ. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ರಿವರ್‌ಸೈಡ್ ವಿಶ್ವವಿದ್ಯಾಲಯದವರು ಕೋಳಿ ಹೊರಳೋ ಪೆಟ್ಟಿಗ್ಯಾಗ ಗಂಧಕ ಹಾಕಿ ನೋಡ್ಯಾರ; ಮೈಮ್ಯಾಲೇ ಇರೋ ಜಾತಿ ನುಸಿ, ಹೇನು ಎರಡೂ ಅದರಿಂದ ಇಳದಾವ. ಬೂದಿ ಮಾತ್ರ ಪೂರಾ ಆರಿರಬೇಕು ತಂಗಿ, ಒಂದು ಕೆಂಡ ಉಳದ್ರೂ ಗಂಧಕ ಹೊತ್ತಿ ಹೊಗಿ ಏಳ್ತದ, ಕೋಳಿ ಉಸರು ಕಟ್ತದ. ನಾಳೆ ಬಜಾರಕ್ಕ ಹೋದ್ರ ಬೀಜ-ಗೊಬ್ಬರದ ಅಂಗಡ್ಯಾಗ ಕೇಳು, ನನಗೂ ಪಾವ್ ಕಿಲೋ ತಗೊಂಡು ಬಾ.