ಇಂಜಿನ್ ಕಾಕಾ

ದಸರೆ ಮುಗಿದು ದೀಪಾವಳಿ ಬರುವುದರೊಳಗೆ ಇಂಜಿನ್ ಕಾಕಾನನ್ನು ಮನೆಯಲ್ಲಿ ಹಿಡಿಯುವುದು ಶಾಸಕರನ್ನು ಹಿಡಿಯುವುದಕ್ಕಿಂತ ಕಷ್ಟ. ಬೆಳಗಿನ ಚಹಾ ಒಬ್ಬರ ಕಟ್ಟೆಯ ಮೇಲೆ, ಮಧ್ಯಾಹ್ನದ ರೊಟ್ಟಿ ಇನ್ನೊಬ್ಬರ ಮನೆಯಲ್ಲಿ, ಸಂಜೆ ಮತ್ತಾರದೋ ಬೈಕಿನ ಹಿಂದೆ ಧೋತರ ಎತ್ತಿ ಕಟ್ಟಿಕೊಂಡು ಸವಾರಿ. ಸಕ್ಕರೆ ಕಾರ್ಖಾನೆಗಳ ಬಾಯ್ಲರಿಗೆ ಬೆಂಕಿ ಬೀಳುವ ಈ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಊರೂರಲ್ಲಿ ನಾಲ್ಕಾರು ಮಂದಿಗೆ ಒಂದು ಹಳೆ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್ ಕೊಂಡು ಕಬ್ಬು ಹೊಡೆಯುವ ಹುಕಿ ಬರುತ್ತದೆ. ಹೊಸ ಗಾಡಿ ಕೊಳ್ಳುವವನಿಗೆ ಶೋರೂಮಿನ ಹುಡುಗ ಸಾಕು. ಹಳೆಯದಕ್ಕೆ ಕಾಕಾನೇ ಬೇಕು.

ಕಾಕಾ ಮೆಕ್ಯಾನಿಕ್ ಅಲ್ಲ. ಆತ ಪಾನಾ ಹಿಡಿದದ್ದನ್ನು ಯಾರೂ ಕಂಡಿಲ್ಲ. ಡ್ರೈವಿಂಗ್ ಲೈಸನ್ಸೂ ಇಲ್ಲ. ಆತನದು ದನದ ಸಂತೆಯ ವಿದ್ಯೆ. ಮುಧೋಳ, ಕೆರೂರು ಸಂತೆಗಳಲ್ಲಿ ಕಿಲಾರಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಡಿಗೆ ನೋಡಿ, ಮಂದಿಗೆ ಜೋಡಿ ಕೂಡಿಸಿಕೊಟ್ಟು ಹೆಸರು ಮಾಡಿದವನು. ಅಷ್ಟರಲ್ಲಿ ಹೊಳೆ ದಂಡೆಯ ನಸೀಬು ತಿರುಗಿತು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ವಂತಿಗೆ ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಮುಂದಾಳಾಗಿ ನಿಂತ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಗಿ, 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೂ ಹೋದರು. ಬ್ಯಾರೇಜಿಗೆ ಕಲ್ಲು ಹೊತ್ತ ಮೊದಲ ಟ್ರ್ಯಾಕ್ಟರನ್ನು ಆರಿಸಿಕೊಟ್ಟವನು ತಾನೇ ಎಂದು ಕಾಕಾ ಹೇಳುತ್ತಾನೆ. ಹೀಗೆ ಹೇಳುವ ಕಾಕಾಗಳು ಹೊಳೆಯ ಎರಡೂ ದಂಡೆಗೆ ಇದ್ದಾರೆ.

ನೀರು ನಿಂತಿತು, ಜೋಳದ ಹೊಲಕ್ಕೆ ಕಬ್ಬು ಬಂತು. ಸಮೀರವಾಡಿಯ ಕಾರ್ಖಾನೆ ಮೊದಲೇ ಇತ್ತು. ಆಮೇಲೆ ತಿಮ್ಮಾಪುರ, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ, ಉತ್ತೂರು ಎಂದು ಒಂದರ ಹಿಂದೊಂದು ಚಿಮಣಿ ಎದ್ದವು. ಚಕ್ಕಡಿ ಸಾಲದಾಯಿತು, ಸಂತೆಯಲ್ಲಿ ಎತ್ತು ಕಡಿಮೆಯಾದವು. ಕಾಕಾನ ಕಸುಬು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎತ್ತಿಗೆ ಹಚ್ಚುತ್ತಿದ್ದ ಪರೀಕ್ಷೆಯನ್ನೇ ಒಂದು ಅಕ್ಷರ ಬದಲಿಸದೆ ಆತ ಟ್ರ್ಯಾಕ್ಟರಿಗೆ ಹಚ್ಚಿದ. ಸೋಜಿಗವೆಂದರೆ, ಮುಕ್ಕಾಲು ಪಾಲು ಸರಿಯಾಗಿಯೇ ಹತ್ತಿತು.

ಮಾರುವವನ ಅಂಗಳಕ್ಕೆ ಕಾಕಾ ನೇರ ಹೋಗುವುದಿಲ್ಲ. ಮೊದಲು ಎದುರಿನ ಚಹಾದಂಗಡಿ, ಒಂದು ಪ್ಲೇಟು ಮಿರ್ಚಿ. ಅಲ್ಲಿಂದಲೇ ಗಾಡಿಯನ್ನು ವಾರೆಗಣ್ಣಲ್ಲಿ ನೋಡುತ್ತ ಮಳೆ-ಬೆಳೆ ಮಾತಾಡುತ್ತಾನೆ. ಕರೆದುಕೊಂಡು ಹೋದವನಿಗೆ ತಡೆಯದೆ, “ಕಾಕಾ, ಹೋಗೂಣೇನ್ರಿ?” ಎಂದರೆ, “ತಡಿ ತಮ್ಮಾ. ಹೋದ ಕೂಡ್ಲೆ ಬಾಯಿ ಬಿಟ್ಟಕೊಂಡ ನಿಂತ್ರ ರೇಟು ಏರ್ತೈತಿ. ಎತ್ತಿಗೂ ಹಂಗ, ಇಂಜನ್ನಿಗೂ ಹಂಗ.”

“ಚಾಲೂ ಮಾಡಬ್ಯಾಡ್ರಿ” ಎಂಬುದು ಮೊದಲ ಅಪ್ಪಣೆ. ಬಾನೆಟ್ ಎತ್ತಿಸಿ ಅಂಗೈಯನ್ನು ಇಂಜಿನ್ನಿನ ಹತ್ತಿರ ಹಿಡಿಯುತ್ತಾನೆ. ಬೆಚ್ಚಗಿದ್ದರೆ ಅಲ್ಲಿಗೇ ಸಂಶಯ. ತಣ್ಣಗಿದ್ದಾಗ ಏಳದ ಇಂಜಿನ್ನನ್ನು ಗಿರಾಕಿ ಬರುವ ಮೊದಲೇ ಎಬ್ಬಿಸಿ ಕಾಯಿಸಿ ಇಟ್ಟಿರುತ್ತಾರೆ. ಇದು ಖರೆ ವಿದ್ಯೆ, ಯಾವ ಮೆಕ್ಯಾನಿಕ್ಕಾದರೂ ಒಪ್ಪುತ್ತಾನೆ. ಮುಂದೆ ರೇಡಿಯೇಟರಿನ ಮುಚ್ಚಳ ತೆಗೆಸಿ ನೀರಿನ ಮೇಲೆ ಎಣ್ಣೆ ತೇಲುತ್ತದೆಯೋ ನೋಡುತ್ತಾನೆ. ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಒಮ್ಮೊಮ್ಮೆ ನಾಲಗೆಯ ತುದಿಗೂ ಮುಟ್ಟಿಸುತ್ತಾನೆ. ನಾಲಗೆಗೆ ಯಾಕೆ ಎಂದು ಕೇಳಿದವರಿಗೆ ಸಿಗುವ ಉತ್ತರ, “ನಿನಗ ಗೊತ್ತಾಗಂಗಿಲ್ಲ ಬಿಡು.” ಆಯಿಲ್ ಬೆಳ್ಳಗೆ ನೊರೆಗಟ್ಟಿದ್ದರೆ ಅದಕ್ಕೆ ನೀರು ಸೇರಿದೆ, ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಆಗ ಕಾಕಾ ಜಗಳ ಆಡುವುದಿಲ್ಲ. “ಸಾವಕಾರ್ರ, ಹೈನ ಚಲೋ ಐತ್ರಿ ನಿಮ್ದು” ಎಂದು ಕೈ ಒರೆಸಿಕೊಂಡು ಎದ್ದುಬರುತ್ತಾನೆ.

ಇಂಜಿನ್ ಚಾಲೂ ಆದಾಗ ಎಲ್ಲರೂ ಸದ್ದಿಗೆ ಕಿವಿ ಕೊಟ್ಟರೆ ಆತ ಹೊಗೆಗೆ ಕಣ್ಣು ಕೊಡುತ್ತಾನೆ. ಕರಿ ಹೊಗೆ ಬಂದರೆ ಡೀಸೆಲ್ ಹೆಚ್ಚು, ಇಲ್ಲವೇ ಗಾಳಿ ಕಡಿಮೆ. ಏರ್ ಕ್ಲೀನರೋ ಪಂಪೋ ನೋಡಿದರೆ ಆಯಿತು. ನೀಲಿ ಎಂದರೆ ಆಯಿಲ್ ಸುಡುತ್ತಿದೆ, ರಿಂಗು-ಪಿಸ್ಟನ್ ಸವೆದಿವೆ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಹೊಕ್ಕಿರಬಹುದು. ಇದನ್ನೇ ಕಾಕಾ ಹೇಳುವುದು ಹೀಗೆ: “ಕರೇದು ಕೈಕಾಲ ಬ್ಯಾನಿ, ನೀಲೀದು ಎದಿ ಬ್ಯಾನಿ, ಬಿಳೇದು ಬಂತಂದ್ರ ಬೀಗರಿಗೆ ಫೋನ್ ಹಚ್ಚೂದ.”

ಟ್ರ್ಯಾಕ್ಟರಿನ ಪ್ರಾಯ ತಿಳಿಯುವುದು ಇಂಜಿನ್ ಓಡಿದ ಗಂಟೆಗಳ ಲೆಕ್ಕದಲ್ಲಿ. ಅದಕ್ಕೊಂದು ಮೀಟರ್ ಇರುತ್ತದೆ. ಕಾಕಾ ಅದರತ್ತ ತಿರುಗಿಯೂ ನೋಡುವುದಿಲ್ಲ. ಕೇಬಲ್ ಬಿಚ್ಚಿದ ದಿನವೇ ಅದರ ಲೆಕ್ಕ ನಿಂತಿರುತ್ತದೆ ಎಂಬುದು ಆತನಿಗೆ ಗೊತ್ತು. ಬದಲಿಗೆ ಗಾಡಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾನೆ. ಟ್ರೇಲರಿನ ಹುಕ್ಕಿಗೆ ಪಿನ್ನು ಹಾಕುವ ತೂತಿನಲ್ಲಿ ಬೆರಳಿಟ್ಟು ಸುತ್ತಲೂ ತಿರುಗಿಸುತ್ತಾನೆ. ತೂತು ಇನ್ನೂ ಗೋಲಾಗಿದ್ದರೆ ಆ ಇಂಜಿನ್ ಹೊಲದಲ್ಲಿ ನೇಗಿಲು, ರೋಟಾವೇಟರ್ ಹೊಡೆದದ್ದು. ಹಿಂದಕ್ಕೆ ಸವೆದು ಉದ್ದವಾಗಿದ್ದರೆ ಹಂಗಾಮು ಹಂಗಾಮು ಕಬ್ಬು ಜಗ್ಗಿದ್ದು. “ಮಾಲಕ ಸುಳ್ಳ ಹೇಳಬಹುದು, ಮೀಟರ ಸುಳ್ಳ ಹೇಳಬಹುದು. ತೂತ ಹೇಳಂಗಿಲ್ಲ.” ಈ ಮಾತಿಗೆ ಎದುರು ಹೇಳಿದವರನ್ನು ನಾನು ಕಂಡಿಲ್ಲ.

ಆಮೇಲೆ ಕುಲ ವಿಚಾರ. ಕೆಎ-48 ಎಂದರೆ ಜಮಖಂಡಿ ಪಾಸಿಂಗ್, ಮನೆಯ ಮಗ. ಕೆಎ-29 ಬಾಗಲಕೋಟೆ, ಹತ್ತಿರದ ಬೀಗರು. ಎಂಎಚ್-09, ಎಂಎಚ್-10 ಆದರೆ ಕೊಲ್ಹಾಪುರ, ಸಾಂಗ್ಲಿ. ಅಲ್ಲಿ ಕಬ್ಬು ಹೊಡೆದು ಹೊಡೆದು ಸುಸ್ತಾಗಿ ಇತ್ತ ಬಂದದ್ದು ಎಂದು ಮೂಗು ಮುರಿಯುತ್ತಾನೆ. ಬೀಳಗಿ ಕಡೆಯ ಗಾಡಿಯಾದರೆ ಇನ್ನೊಂದು ಪ್ರಶ್ನೆ ಇರುತ್ತದೆ: “ಪರಿಹಾರದ ರೊಕ್ಕದಾಗ ತಗೊಂಡದ್ದೇನ್ರಿ?” ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡವರು ಪರಿಹಾರದ ಹಣದಲ್ಲಿ ಕೊಂಡ ಟ್ರ್ಯಾಕ್ಟರಿಗೆ ದುಡಿಯಲು ಹೊಲವೇ ಉಳಿದಿರಲಿಲ್ಲ, ಅಂಗಳದಲ್ಲಿ ನಿಂತೇ ಅದಕ್ಕೆ ವಯಸ್ಸಾಯಿತು, ಹೀಗಾಗಿ ಒಳಗಿನ ಸಾಮಾನು ಗಟ್ಟಿ ಎಂಬುದು ಆತನ ವಾದ. ವಾದ ಸರಿಯೇ ಇದೆ. ಕೇಳಿದವರಿಗೆ ನಗು ಮಾತ್ರ ಬರುವುದಿಲ್ಲ.

ಕಂಪನಿಯ ವಿಷಯಕ್ಕೆ ಬಂದರೆ ಕಾಕಾನೊಂದಿಗೆ ಮಾತೇ ಸಾಗದು. ಆತ ಸ್ವರಾಜ್ ಪಕ್ಷ. ಮಹಿಂದ್ರಾ ಪಕ್ಷದವರೊಂದಿಗೆ ಗುಡಿಯ ಕಟ್ಟೆಯ ಮೇಲೆ ವರ್ಷಗಟ್ಟಲೆ ಜಗಳ. ಸ್ವರಾಜ್ ಮಾಡುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್ ಕಂಪನಿಯನ್ನು ಮಹಿಂದ್ರಾದವರು 2007ರಲ್ಲೇ ಕೊಂಡುಕೊಂಡಿದ್ದಾರೆ, ಈಗ ಎರಡಕ್ಕೂ ಮಾಲೀಕರು ಒಬ್ಬರೇ ಎಂದು ಕಾಲೇಜು ಓದುವ ಹುಡುಗನೊಬ್ಬ ಮೊಬೈಲ್ ತೋರಿಸಿದ. “ಮಾಲಕ ಬದಲಾದ್ರ ಎತ್ತಿನ ಜಾತಿ ಬದಲಾಗತೈತೇನೋ?” ಎಂದು ಕಾಕಾ ಕೇಳಿದ. ಹುಡುಗ ಮೊಬೈಲ್ ಜೇಬಿಗೆ ಇಟ್ಟುಕೊಂಡ. ಎಚ್‌ಎಂಟಿಯ ಮೇಲಿನ ಪ್ರೀತಿಯಂತೂ ಹೇಳತೀರದು. ಆ ಕಂಪನಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನ ಕೇಂದ್ರ ಸರ್ಕಾರದಿಂದ ಬಂದದ್ದು 2016ರಲ್ಲಿ. ಎಚ್‌ಎಂಟಿ ಗಡಿಯಾರದ ಕಂಪನಿಗೂ ಅದೇ ವರ್ಷ ಅದೇ ಗತಿ. ಕಾಕಾ ಮುಂಗೈಯ ಎಚ್‌ಎಂಟಿ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ, ನಡೆಯುತ್ತಿತ್ತು. ಸುದ್ದಿಯನ್ನು ಇವತ್ತಿಗೂ ನಂಬಿಲ್ಲ.

ಇಷ್ಟಾದ ಮೇಲೆ ರೇಟು. ಅದನ್ನು ಬಾಯಿಂದ ಆಡುವುದು ಸಂತೆಯ ಮರ್ಯಾದೆಗೆ ಕುಂದು. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಮೇಲೆ ಹೊದಿಸಿ, ಅಡಿಯಲ್ಲಿ ಬೆರಳು ಹಿಡಿದು, ಮುಖದಲ್ಲಿ ಏನೂ ತೋರಗೊಡದೆ ಕುದುರಿಸಬೇಕು. ಎತ್ತಿನ ಕಾಲದಲ್ಲಿ ಒಂದು ಬೆರಳು ಸಾವಿರವಾಗಿತ್ತು, ಈಗ ಲಕ್ಷ. ಮೊನ್ನೆ ಮಾರಲು ಬಂದವನು ಇಪ್ಪತ್ತೈದರ ತರುಣ. ಟವೆಲ್ಲಿನಡಿ ಕಾಕಾ ಮೂರು ಬೆರಳು ಹಿಡಿದಾಗ ಆತ ಗಾಬರಿಯಾಗಿ ಕೈ ಎಳೆದುಕೊಂಡ. ಎರಡನೇ ಸಲ ಟವೆಲ್ಲಿನಡಿ ಬಂದದ್ದು ಕ್ಯಾಲ್ಕುಲೇಟರ್ ತೆರೆದ ಮೊಬೈಲು. ವ್ಯಾಪಾರವೇನೋ ಆಯಿತು. ಕಾಕಾ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅಂದಹಾಗೆ, ಆತನನ್ನು ದಲಾಲ ಎಂದು ಕರೆಯುವಂತಿಲ್ಲ, ಸಿಟ್ಟು ಬರುತ್ತದೆ. ಕೊಂಡವನಿಂದ ಬರುವುದು ‘ಮಿರ್ಚಿ ಖರ್ಚು’, ಮಾರಿದವನಿಂದ ಬರುವುದು ‘ಎಲಿ-ಅಡಕಿ ಖರ್ಚು’. ಎರಡಕ್ಕೂ ಬೇರೆ ಬೇರೆ ಜೇಬು.

ಗಾಡಿ ಮನೆಗೆ ಬಂತೆಂದರೆ ಅಧಿಕಾರ ಮನೆಯ ಮಗನ ಕೈಗೆ ಹೋಗುತ್ತದೆ. ಕಾಕಾನ ಪಟ್ಟಿ ಹಳೆಯದು: ಹೊಸ ಹುಕ್ಕು ಕೂಡಿಸಿ, ಪಿನ್ನಿಗೆ ಸರಪಳಿ ಹಾಕಿ, ಟ್ರೇಲರಿನ ಬೇರಿಂಗಿಗೆ ಗ್ರೀಸ್ ತುಂಬಿ, ದೊಡ್ಡ ಟೈರಿಗೆ ಮುಕ್ಕಾಲು ಪಾಲು ನೀರು ಹಾಕಿಸಿ, ಮುಂದೆ ಕಬ್ಬಿಣದ ತೂಕ ಕಟ್ಟಿ. ಎರಡು ಟ್ರೇಲರ್ ಸೇರಿ ಹದಿನೈದು ಇಪ್ಪತ್ತು ಟನ್ ಕಬ್ಬು ಜಗ್ಗುವಾಗ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಬಿಡುತ್ತದೆ, ಸ್ಟೇರಿಂಗ್ ಇದ್ದೂ ಇಲ್ಲದಂತಾಗುತ್ತದೆ. ತೂಕ ಕಟ್ಟದವರಿಗೆ ಕಾಕಾನ ಹತ್ತಿರ ಇನ್ನೊಂದು ಉಪಾಯವಿದೆ: “ಮುಂದ ನಾಕ ಮಂದಿ ದಪ್ಪನ್ನವರ್ನ ಕುಂಡ್ರಸು.” ಜಮಖಂಡಿ ಕಡೆಯ ಏರುಗಳಲ್ಲಿ ಹೀಗೆ ಬಾನೆಟ್ಟಿನ ಮೇಲೆ ಕುಳಿತು ಹೋಗುವವರನ್ನು ನೀವೂ ನೋಡಿರಬಹುದು. ಜೀವ ಕೈಯಲ್ಲಿ ಹಿಡಿದು ಮಾಡುವ ಈ ಉಪಾಯವನ್ನು ಹಾಸ್ಯದ ಬರಹದಲ್ಲೂ ನಾನು ಹೊಗಳಲಾರೆ.

ಮಗನ ಪಟ್ಟಿ ಬೇರೆ. ರೆಕ್ಸಿನ್ ಹುಡ್, ಅದರ ಸುತ್ತ ಬಣ್ಣದ ಗೊಂಡೆ, ಎಲ್ಇಡಿ ಸಾಲು, ಮಡ್‌ಗಾರ್ಡಿನ ಎರಡೂ ಬದಿಗೆ ವೂಫರ್. ಹುಡ್ ಹೊಲಿಸಲು ಬನಹಟ್ಟಿಗೆ ಹೊರಟವನಿಗೆ ಬರುವಾಗ ಮಗ್ಗದ ಒಂದು ಸೀರೆ ತಾ ಎಂದು ಅವ್ವ ರೊಕ್ಕ ಕೊಟ್ಟಿದ್ದಳು. ಬಂದದ್ದು ಮೂರನೆಯ ವೂಫರ್. ಪೇಂಟರ್ ಬಂದು ಮುಂದೆ ‘ಶ್ರೀ ಮಹಾಲಿಂಗೇಶ್ವರ ಪ್ರಸನ್ನ’ ಬರೆದ. ಸೀರೆಯ ಸಮಾಧಾನಕ್ಕೆ ಟ್ರೇಲರಿನ ಬಾಗಿಲ ಪಟ್ಟಿಯ ಮೇಲೆ ‘ಅವ್ವನ ಆಶೀರ್ವಾದ’ ಬಂತು. ಕೊನೆಯ ಟ್ರೇಲರಿನ ಬೆನ್ನಿಗೆ ‘ಉರಕೋಬ್ಯಾಡ ಗೆಳೆಯಾ, ಕಂತಿನ ಮ್ಯಾಲೆ ಐತಿ’. ಈ ಸೀಮೆಯಲ್ಲಿ ಇಷ್ಟು ನಿಜವಾದ ಘೋಷವಾಕ್ಯ ಇನ್ನೊಂದಿಲ್ಲ. ಹಂಗಾಮಿನ ಆರಂಭಕ್ಕೆ ಪೊಲೀಸರೂ ಕಾರ್ಖಾನೆಯವರೂ ಗಾಡಿ ನಿಲ್ಲಿಸಿ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ ಕಳಿಸುತ್ತಾರೆ. ಇಡೀ ಶೃಂಗಾರದಲ್ಲಿ ರಾತ್ರಿ ಹಿಂದಿನಿಂದ ಬರುವವನ ಜೀವ ಉಳಿಸುವುದು ಅದೊಂದೇ. ಹೇರಿದ ಕಬ್ಬಿನ ಸೋಗೆ ಜೋತುಬಿದ್ದು ಮುಚ್ಚುವುದೂ ಅದನ್ನೇ.

ಕಾಕಾ ಸೋಲುವುದು ಕಾಗದದಲ್ಲಿ. ಎತ್ತಿಗೆ ಆರ್‌ಸಿ ಇರಲಿಲ್ಲ. ಹಗ್ಗ ಕೈ ಬದಲಾದರೆ ಮಾಲೀಕ ಬದಲಾದ ಹಾಗೆ. ಟ್ರ್ಯಾಕ್ಟರಿಗೆ ಹಾಗಲ್ಲ. ಹೆಸರು ಬದಲಿಸಲು ಫಾರ್ಮ್ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರ್ಮ್ 35 ಮತ್ತು ಫೈನಾನ್ಸಿನವರ ಎನ್‌ಒಸಿ, ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ. ಟ್ರೇಲರಿಗೆ ತನ್ನದೇ ಬೇರೆ ನಂಬರು, ಬೇರೆ ಆರ್‌ಸಿ. ಇವುಗಳನ್ನೆಲ್ಲ ಮುಂದೆ ಹರವಿದರೆ ಕಾಕಾ ಒಂದೊಂದನ್ನೇ ಬಿಸಿಲಿಗೆ ಹಿಡಿದು, “ಶಿಕ್ಕಾ ಚಲೋ ಕುಂತೈತಿ” ಎನ್ನುತ್ತಾನೆ. ನಮ್ಮ ಓಣಿಯವನೊಬ್ಬ ಹೀಗೆ ಶಿಕ್ಕೆ ನಂಬಿ ಗಾಡಿ ತಂದ. ಇಂಜಿನ್ ಬಂಗಾರದಂಥದ್ದು, ಹುಕ್ಕಿನ ತೂತು ಗೋಲಾಗಿತ್ತು. ಹಿಂದಿನ ಮಾಲೀಕನ ಕಂತು ಬಾಕಿ ಇತ್ತು. ಮೊದಲ ಖೇಪು ಕಬ್ಬು ಕಾರ್ಖಾನೆಯ ಕಾಟಾ ಮುಟ್ಟುವ ಮೊದಲೇ ಬೈಕಿನ ಮೇಲೆ ಬಂದ ಇಬ್ಬರು ವಸೂಲಿಯವರು ಅಡ್ಡ ನಿಂತರು. ಓಡೋಡಿ ಬಂದ ಕಾಕಾ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿ ಹೇಳಿದ್ದು ಒಂದೇ ಮಾತು: “ಇವರ ಸುಳಿ ಚಲೋ ಇಲ್ಲ.”

ಈ ಹಂಗಾಮಿಗೆ ಹಳೆ ಗಾಡಿ ನೋಡುತ್ತಿರುವವರು ಕಾಕಾನನ್ನು ಬಿಟ್ಟು ಹೋಗಬೇಡಿ. ತಣ್ಣನೆಯ ಇಂಜಿನ್ನಿಗೂ ಹುಕ್ಕಿನ ತೂತಿಗೂ ಆತನಷ್ಟು ಬಲ್ಲವರು ಸಿಗುವುದಿಲ್ಲ. ಕಾಗದ ನೋಡಲು ಮಾತ್ರ ಬೇರೆ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ಟ್ರ್ಯಾಕ್ಟರಿನದೊಂದು, ಟ್ರೇಲರಿನವೆರಡು, ಹೀಗೆ ಮೂರೂ ಆರ್‌ಸಿಗಳು, ಸಾಲ ತೀರಿದ ಎನ್‌ಒಸಿ ಕೈಗೆ ಬರುವತನಕ ಸಂಚಕಾರ ಕೊಡಬೇಡಿ. ಮಿರ್ಚಿ ಖರ್ಚನ್ನಂತೂ ಮೊದಲೇ ಕೊಡಬೇಕಾಗುತ್ತದೆ, ಅದಕ್ಕೆ ರಸೀದಿ ಇಲ್ಲ.