ಪ್ಲಾಟಿನಂ ಕಣ ಮಹಾಶಯರಿಗೆ ಕಾಡಂಚಿನ ಬಿನ್ನಹ

ಮಹಾರಾಜಶ್ರೀ ಪ್ಲಾಟಿನಂ ನ್ಯಾನೋಕಣದವರ ಸನ್ನಿಧಾನಕ್ಕೆ,

ಬಂಡೀಪುರದ ಕಾಡಂಚಿನಿಂದ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ಬಲ್ಲೆ. ಪ್ರಯೋಗಾಲಯದ ಫ್ಲಾಸ್ಕು, ಶುದ್ಧ ನೀರು, ಹದವಾದ ದೀಪದ ಬೆಳಕು, ಯಾವುದಕ್ಕೂ ತಮಗೆ ಕೊರತೆಯಿಲ್ಲ. ಇಲ್ಲಿ ಶಿವರಾತ್ರಿ ಕಳೆದಿದೆ. ಕಾಡು ಒಣಗಿ ನಿಂತಿದೆ, ಎಲ್ಲಿ ಕಿಡಿ ಬೀಳುತ್ತದೋ ಎಂಬ ದಿಗಿಲು. ಸಿಲಿಂಡರ್ ಮುಗಿದ ಮನೆಯ ಹೆಣ್ಣುಮಕ್ಕಳು ಲಂಟಾನದ ಕಡ್ಡಿಯ ಹೊರೆ ತಲೆಮೇಲೆ ಹೊತ್ತು ಬರುತ್ತಾರೆ. ನಡುವೆ ನಿಂತು, ಆನೆ ಸದ್ದೇನಾದರೂ ಇದೆಯೇ ಎಂದು ಕಿವಿಗೊಟ್ಟು, ಮತ್ತೆ ನಡೆಯುತ್ತಾರೆ.

ಬಿಸಿಲಿನಿಂದ ನೀರಿನಲ್ಲೇ ಹೈಡ್ರೋಜನ್ ಎಂಬ ಉರುವಲು ಎಬ್ಬಿಸುವ ತಮ್ಮ ಉಪಕಾರವನ್ನು ಮರೆತವನಲ್ಲ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಅವರು ನೀರಿನಲ್ಲಿಟ್ಟ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟಾಗ ಹೈಡ್ರೋಜನ್ ಗುಳ್ಳೆ ಎದ್ದದ್ದು ಎದುರಿಗಿದ್ದ ಪ್ಲಾಟಿನಂ ಮೇಲೆಯೇ. ಬೆಳಕು ತಾಗಿದರೆ ಟೈಟಾನಿಯಂ ಡೈಆಕ್ಸೈಡಿನಂಥ ಅರೆವಾಹಕದಲ್ಲಿ ಎಲೆಕ್ಟ್ರಾನ್ ಜಿಗಿಯುತ್ತದೆ. ಹಾಗೇ ಬಿಟ್ಟರೆ ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಖಾಲಿಯಾದ ತನ್ನ ಜಾಗಕ್ಕೆ ಮರಳಿಬಿಡುತ್ತದೆ, ಬಿಸಿಲೆಲ್ಲ ವ್ಯರ್ಥ. ಆಗ ಕೆಲವೇ ನ್ಯಾನೋಮೀಟರ್ ಅಗಲದ ತಾವು ಆ ಎಲೆಕ್ಟ್ರಾನನ್ನು ತಮ್ಮತ್ತ ಸೆಳೆದು, ನೀರಿನ ಪ್ರೋಟಾನಿಗೆ ಒಪ್ಪಿಸಿ, ಎರಡೆರಡು ಪರಮಾಣುಗಳನ್ನು ಜೋಡಿಸಿ, ಗುಳ್ಳೆಯಾಗಿ ಮೇಲಕ್ಕೆ ಕಳಿಸುತ್ತೀರಿ. ಇದನ್ನು ಮಕ್ಕಳಿಗೆ ಹೇಳುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಕೇಂದ್ರದಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ತಂಡ 2013ರಲ್ಲಿ ಜಿಂಕ್ ಆಕ್ಸೈಡ್ ಮತ್ತು ಕ್ಯಾಡ್ಮಿಯಂ ಸಲ್ಫೈಡ್ ಜೊತೆಯಲ್ಲಿ ತಮ್ಮನ್ನು ಕೂರಿಸಿ, ಬರಿಗಣ್ಣಿಗೆ ಕಾಣುವ ಬೆಳಕಿನಲ್ಲೇ ಹೈಡ್ರೋಜನ್ ತೆಗೆದು ತೋರಿಸಿತು. ನಮ್ಮ ನಾಡಿನಲ್ಲೇ ಇಂಥ ಪೀಠ ಸಿಕ್ಕಿದ ತಮ್ಮ ಭಾಗ್ಯ ದೊಡ್ಡದು. ಆದರೆ ಸ್ವಾಮಿ, ಸಲ್ಫೈಡ್ ಕುಲದ ಅರೆವಾಹಕದ ಜೊತೆ ಕೂತಾಗಲೆಲ್ಲ ತಮಗೆ ನೈವೇದ್ಯವಾಗಬೇಕು. ಬರೀ ನೀರು ಸಾಲದು; ಸಲ್ಫೈಡ್, ಸಲ್ಫೈಟ್ ಲವಣಗಳನ್ನೋ ಆಲ್ಕೊಹಾಲನ್ನೋ ಬಲಿ ಕೊಡಬೇಕು. ಇಲ್ಲದಿದ್ದರೆ ಪಕ್ಕದಲ್ಲಿರುವ ಕ್ಯಾಡ್ಮಿಯಂ ಸಲ್ಫೈಡ್ ಬೆಳಕಿನಲ್ಲಿ ತಾನೇ ಸವೆದು ನೀರಿಗೆ ಕ್ಯಾಡ್ಮಿಯಂ ಬಿಡುತ್ತದೆ. ಆ ವಿಷ ನಮ್ಮ ಗುಂಡ್ಲು ಹೊಳೆಗೆ ಇಳಿದು ಕಬಿನಿ ಸೇರಬಾರದು. ಈ ಮಾತಿನಲ್ಲಿ ಮಾತ್ರ ವಿನಯ ತೋರಲಾರೆ, ಕ್ಷಮಿಸಿ.

ತಮ್ಮ ಔದಾರ್ಯದ ಇನ್ನೊಂದು ಮುಖವನ್ನೂ ಕಂಡಿದ್ದೇವೆ. ಕೊಟ್ಟ ಕೈಯಲ್ಲೇ ಕಿತ್ತುಕೊಳ್ಳುತ್ತೀರಿ. ಹೈಡ್ರೋಜನ್ ಮತ್ತು ಆಕ್ಸಿಜನ್ ಪಕ್ಕಪಕ್ಕ ಸಿಕ್ಕರೆ ತಾವೇ ಎರಡನ್ನೂ ಸೇರಿಸಿ ಮತ್ತೆ ನೀರು ಮಾಡಿಬಿಡುತ್ತೀರಿ. ತಮ್ಮ ದಾಯಾದಿ ರೋಡಿಯಂ ಅವರದ್ದೂ ಇದೇ ಬುದ್ಧಿ. ಅವರಿಗೆ ಕ್ರೋಮಿಯಂ ಆಕ್ಸೈಡಿನ ತೆಳು ಹೊದಿಕೆ ಹೊದಿಸಿ ಅಂಕೆಯಲ್ಲಿಟ್ಟ ಮೇಲೆ ಜಪಾನಿನ ತಂಡವೊಂದು 100 ಚದರ ಮೀಟರ್ ಫಲಕವನ್ನು ಬಿಸಿಲಿಗೆ ಹರಡಿ, ನೀರಿನಿಂದ ಹೈಡ್ರೋಜನ್ ತೆಗೆದು, 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಬಿದ್ದ ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ನಿಗೆ ಸಂದದ್ದು ಹೆಚ್ಚೆಂದರೆ ನೂರಕ್ಕೆ 0.76.

ಮನಸ್ಸಿಗೆ ಬೇಜಾರು ಮಾಡಿಕೊಳ್ಳದಿದ್ದರೆ ಸಿಲಿಕಾನ್ ಫಲಕದವರ ಹೆಸರೆತ್ತುತ್ತೇನೆ. ಅವರ ಮೈಮೇಲೂ ಲೋಹವಿದೆ, ಸಣ್ಣ ಬೆಳ್ಳಿ ಗೆರೆಗಳು. ಅವರು ಧೂಳು ತಿಂದುಕೊಂಡೇ ಕಾಡೊಳಗಿನ ಕೆರೆಗೆ ಬೋರ್‌ವೆಲ್ ನೀರೆತ್ತುತ್ತಾರೆ, ಆನೆ ತಡೆಯುವ ಸೋಲಾರ್ ಬೇಲಿಗೆ ಕರೆಂಟು ಕೊಡುತ್ತಾರೆ. ಆದರೆ ಒಲೆಗೆ ಬೇಕಾದದ್ದು ತುಂಬಿಟ್ಟುಕೊಂಡು ಉರಿಸಬಲ್ಲ ಉರುವಲು. ಅದನ್ನು ಬಿಸಿಲಿನಿಂದಲೇ ಮಾಡಬಲ್ಲವರು ತಾವು, ಅದಕ್ಕೇ ಇಷ್ಟು ಹಟ.

ಅದೇ ಜಕ್ಕೂರಿನಲ್ಲಿ, ಅದೇ 2013ರಲ್ಲಿ, ಮಾಲಿಬ್ಡಿನಂ ಡೈಸಲ್ಫೈಡಿನ ಒಂದೇ ಪದರವೂ ಬೆಳಕಿನಲ್ಲಿ ಹೈಡ್ರೋಜನ್ ಎಬ್ಬಿಸಿತ್ತು, ತಮ್ಮ ಹಂಗಿಲ್ಲದೆ. ನಿಕ್ಕಲ್, ಕೋಬಾಲ್ಟ್ ಕೂಡ ಸಾಲಿನಲ್ಲಿ ನಿಂತಿವೆ. ದಯಮಾಡಿ ಪೀಠ ಸ್ವಲ್ಪ ಸರಿಸಿಕೊಂಡು ಅವುಗಳಿಗೂ ಜಾಗ ಕೊಡಿ. ಇಲ್ಲವೇ ತಾವೇ ದಯಮಾಡಿಸಿ, ನಮ್ಮ ಗಡಸು ಬೋರ್ ನೀರಿನಲ್ಲಿ, ನಮ್ಮ ಧೂಳಿನಲ್ಲಿ, ನೈವೇದ್ಯ ಕೇಳದೆ ಒಂದು ಬೇಸಿಗೆ ಪೂರ್ತಿ ದುಡಿದು ತೋರಿಸಿ. ಮೊದಲು ಒಂದು ಸರ್ಕಾರಿ ಶಾಲೆಯ ಬಿಸಿಯೂಟದ ಒಲೆ ಹತ್ತಿದರೆ ಸಾಕು.

ಇಂತಿ ತಮ್ಮ ವಿಧೇಯ,
ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ವಿಜ್ಞಾನ ಮೇಷ್ಟ್ರು